ಮೂವತ್ತೆರಡರಲ್ಲಿ ಒಂದು

ಬೀಥೋವನ್‌ನ ಪಿಯಾನೋ ಸೊನಾಟಾಗಳು, ಎಂದರೆ ಒಂಟಿ ಪಿಯಾನೋಗೆ ಬರೆದ ಹಲವು ಭಾಗಗಳ ಕೃತಿಗಳು, 32. ಎಲ್ಲವನ್ನೂ ಕೇಳಿ ಮುಗಿಸಲು ಹತ್ತು ತಾಸಾದರೂ ಬೇಕು. ಒಂದೇ ದಿನಕ್ಕೆ ಕಿವಿ ಅಷ್ಟನ್ನು ತಡೆಯುವುದಿಲ್ಲ. ಹಾಗಾಗಿ ಆ ಭಾನುವಾರಕ್ಕೆ ಉಳಿಸಿಕೊಂಡದ್ದು ನಾಲ್ಕೇ: ಓಪಸ್ (ಕೃತಿಸಂಖ್ಯೆ) 53, 109, 110, 111. ನಾಲ್ಕನ್ನೂ ಜರ್ಮನ್ ಪಿಯಾನೋ ವಾದಕ ವಿಲ್ಹೆಲ್ಮ್ ಕೆಂಪ್ಫ್ ಒಬ್ಬರ ವಾದನದಲ್ಲೇ ಕೇಳಿದ್ದು. ವಾದಕರು ಬದಲಾಗುತ್ತ ಹೋದರೆ ಮನಸ್ಸು ಒಲಿದದ್ದು ಕೃತಿಗೋ ಕೈಗೋ ಎಂಬುದೇ ತಿಳಿಯದು.

ಫೋನಿನ ಸ್ಪೀಕರ್ ಇದಕ್ಕೆ ಸಾಲದು, ಎಡಗೈಯ ಮಂದ್ರ ಸ್ವರಗಳು ಮಾಯವಾಗುತ್ತವೆ. ಇನ್ನೊಂದು ತೊಂದರೆ 110ರಲ್ಲೇ ಕಾದಿರುತ್ತದೆ. ಅದರ ಕೊನೆಯ ಭಾಗವನ್ನು ಎಷ್ಟೋ ಮುದ್ರಿಕೆಗಳಲ್ಲಿ ಎರಡು ಮೂರು ಟ್ರ್ಯಾಕ್ ಮಾಡಿರುತ್ತಾರೆ. ನಡುವೆ ಒಂದು ಸೆಕೆಂಡ್ ಮೌನ ಬಿದ್ದರೂ ಎಳೆ ಕಡಿಯುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಆ ಅಂತರವನ್ನು ಮೊದಲೇ ತೆಗೆದುಬಿಡಬೇಕು.

111 ಬೆಳಗ್ಗೆಯೇ ಆಯಿತು. ಅದರ ಎರಡನೇ ಭಾಗ ದೀರ್ಘ, ದಣಿದ ಕಿವಿಗೆ ದಕ್ಕುವಂಥದ್ದಲ್ಲ. 53ರ ಓಟ ಈಗಲೂ ಮೈ ಝುಮ್ಮೆನಿಸುತ್ತದೆ. 109ರಲ್ಲಿ ಮನಸ್ಸು ನಿಂತದ್ದು ಕೊನೆಯ ಭಾಗದ ಹಾಡಿನಲ್ಲಿ. ಮಧ್ಯಾಹ್ನ 110.

ಬೀಥೋವನ್ ಇದರ ಹಸ್ತಪ್ರತಿಗೆ ಹಾಕಿದ ದಿನಾಂಕ 1821ರ ಡಿಸೆಂಬರ್ 25. ಆ ವರ್ಷ ಅವನಿಗೆ ಕಾಮಾಲೆ ಬಂದಿತ್ತು. ಇಡೀ ಕೃತಿ ಸುಮಾರು 20 ನಿಮಿಷ. ಮೂರನೇ ಭಾಗದ ಆರಂಭದಲ್ಲಿ ಒಂದೇ ಸ್ವರ ಜೋಡಿಜೋಡಿಯಾಗಿ ಬರುತ್ತದೆ. ಪ್ರತಿ ಜೋಡಿಗೂ 4, 3 (ಉಂಗುರ ಬೆರಳು, ನಡುಬೆರಳು) ಎಂದು ಬೆರಳಿನ ಗುರುತು ಹಾಕಿದವನು ಬೀಥೋವನ್ನೇ. ಎರಡನೆಯದನ್ನೂ ಜೋರಾಗಿ ಒತ್ತಿದರೆ ಕೆಟ್ಟಿತು. ಅದು ಮೊದಲನೆಯದರ ಉಸಿರಿನಂತೆ ಕೇಳಬೇಕು. ಆಮೇಲೆ ಎ ಫ್ಲ್ಯಾಟ್ ಮೈನರ್ ಎಂಬ ಸ್ವರಶ್ರೇಣಿಯಲ್ಲಿ ಶೋಕದ ಹಾಡು, ಅದರ ಬೆನ್ನಿಗೇ ಫ್ಯೂಗ್, ಎಂದರೆ ಒಂದೇ ಸ್ವರಸಾಲನ್ನು ಹಲವು ದನಿಗಳು ಒಂದರ ಹಿಂದೊಂದು ಎತ್ತಿಕೊಳ್ಳುವ ರಚನೆ.

ಫ್ಯೂಗ್ ಏರಿ ಏರಿ ನಿಂತಾಗ ಅದೇ ಹಾಡು ಮರಳುತ್ತದೆ, ಈ ಸಲ ಜಿ ಮೈನರ್‌ನಲ್ಲಿ. ನಮ್ಮ ಕಿವಿಗೆ ಹೇಳುವುದಾದರೆ ಷಡ್ಜವೇ ಅರ್ಧ ಸ್ವರ ಕೆಳಗೆ ಜಾರಿದ ಹಾಗೆ. ‘ಶಕ್ತಿ ಕುಂದುತ್ತ’ ಎಂದು ಬೀಥೋವನ್ ಅಲ್ಲಿ ಬರೆದಿದ್ದಾನೆ. ಹಾಡಿನ ಸಾಲುಗಳ ನಡುವೆ ಸಣ್ಣ ಸಣ್ಣ ಬಿಡುವು, ಬಿಕ್ಕಿ ಬಿಕ್ಕಿ ಮಾತಾಡುವವರ ಹಾಗೆ. ಅದರ ಕೊನೆಗೆ ಜಿ ಮೇಜರ್ ಕಾರ್ಡ್ (ಒಟ್ಟಿಗೇ ಒತ್ತುವ ಸ್ವರಗಳ ಗುಚ್ಛ), ಹತ್ತು ಸಲ, ಒಂದಕ್ಕಿಂತ ಒಂದು ಜೋರಾಗಿ. ಎಡವುವುದು ಇಲ್ಲೇ: ಮೂರು ನಾಲ್ಕನೆಯದಕ್ಕೇ ಬಲವೆಲ್ಲ ಸುರಿದರೆ ಉಳಿದವು ಬರಿಯ ಬಡಿತ. ಕೆಂಪ್ಫ್ ದನಿಯನ್ನು ಕಾಯ್ದಿಟ್ಟುಕೊಂಡಿದ್ದಾರೆ.

ಆಮೇಲೆ ಫ್ಯೂಗ್ ತಲೆಕೆಳಗಾಗಿ, ಮೊದಲು ಏರುತ್ತಿದ್ದ ಸ್ವರಗಳು ಇಳಿಯುತ್ತ, ಎಡ ಪೆಡಲ್‌ನ ಮಂದ ದನಿಯಲ್ಲಿ ಹೊರಡುತ್ತದೆ. ‘ಮೆಲ್ಲಮೆಲ್ಲನೆ ಮತ್ತೆ ಜೀವ ತಳೆಯುತ್ತ’ ಎಂಬ ಸೂಚನೆ ಅಲ್ಲಿದೆ. ಪೆಡಲ್ ಬಿಡುವುದೂ ಹಂತಹಂತವಾಗಿಯೇ, ಕೊನೆಗೆ ಎ ಫ್ಲ್ಯಾಟ್ ಮೇಜರ್ ಇಡೀ ಪಿಯಾನೋ ತುಂಬುತ್ತದೆ.

ಸಂಜೆ ಮತ್ತೊಮ್ಮೆ ಕೇಳಿದ್ದು ಇದೊಂದನ್ನೇ, ಅದೂ ಹಾಡು ಜಿ ಮೈನರ್‌ಗೆ ಇಳಿಯುವ ಜಾಗದಿಂದ.