ಇಆರ್‌ಜೆ-145ರ ಎಂಜಿನ್, 1:5 ಸೀಳು ಮಾದರಿ: ಎರಡೂ ಶಾಫ್ಟ್ ಬೇರೆ ಬೇರೆಯಾಗಿ ತಿರುಗಿದವು

ಕಲಬುರಗಿ ನಿಲ್ದಾಣದಿಂದ 2019ರ ನವೆಂಬರ್ 22ರಂದು ಪ್ರಯಾಣಿಕ ಸಂಚಾರ ಶುರುವಾದದ್ದು ಎಂಬ್ರೇಯರ್ ಇಆರ್‌ಜೆ-145 ವಿಮಾನದಿಂದ. ಅದರ ಬಾಲದ ಎರಡು ಮಗ್ಗುಲಿಗಿರುವ ರೋಲ್ಸ್-ರಾಯ್ಸ್ ಎಇ 3007 ಎಂಜಿನ್ನೇ, ಒಳಭಾಗ ಕಾಣುವಂತೆ ಸೀಳಿ ಐದನೇ ಒಂದು ಅಳತೆಗೆ ಕಟ್ಟುತ್ತಿರುವ ಈ ಮಾದರಿಯ ಮೂಲ. ಸೆಸ್ನಾ ಸೈಟೇಶನ್ ಎಕ್ಸ್ ಬಿಸಿನೆಸ್ ಜೆಟ್ಟಿಗೂ ಇದೇ ಎಂಜಿನ್. ಮುಂದೆ 24 ಬ್ಲೇಡಿನ ಫ್ಯಾನ್, ಆಮೇಲೆ ಗಾಳಿಯನ್ನು ಒತ್ತುವ 14 ಹಂತದ ಕಂಪ್ರೆಸರ್, ದಹನ ಕೋಣೆ, ಬಿಸಿ ಅನಿಲ ತಿರುಗಿಸುವ 2 ಹಂತದ ಹೈ ಪ್ರೆಷರ್ ಟರ್ಬೈನ್, ಕೊನೆಗೆ 3 ಹಂತದ ಲೋ ಪ್ರೆಷರ್ ಟರ್ಬೈನ್. ಒಳಗೆ ಬಂದ ಆರು ಸೇರು ಗಾಳಿಯಲ್ಲಿ ಹೆಚ್ಚುಕಡಿಮೆ ಐದು ಸೇರು ಬೆಂಕಿಯ ಹತ್ತಿರಕ್ಕೂ ಹೋಗದೆ ಹೊರಗಿನ ಸುತ್ತಿನಲ್ಲೇ ಹಾದುಹೋಗುತ್ತದೆ.

ಈ ಹಂತದ ಮುಖ್ಯ ಕೆಲಸ ಶಾಫ್ಟ್‌ಗಳದು, ಅಂದರೆ ತಿರುಗುವ ಅಚ್ಚುಗಳದು. ಫ್ಯಾನೂ ಲೋ ಪ್ರೆಷರ್ ಟರ್ಬೈನೂ ಒಳಗಿನ ಶಾಫ್ಟಿನ ಮೇಲೆ, ಕಂಪ್ರೆಸರೂ ಹೈ ಪ್ರೆಷರ್ ಟರ್ಬೈನೂ ಅದನ್ನು ಸುತ್ತಿರುವ ಹೊರಗಿನ ಶಾಫ್ಟಿನ ಮೇಲೆ. ಫ್ಯಾನಿಗೆ 8 ಮಿ.ಮೀ. ಉಕ್ಕಿನ ಸರಳು, 608 ಬೇರಿಂಗ್ ಎರಡು. ಕಂಪ್ರೆಸರಿಗೆ ಹೊರವ್ಯಾಸ 12, ಒಳವ್ಯಾಸ 10 ಮಿ.ಮೀ. ಇರುವ ಅಲ್ಯೂಮಿನಿಯಂ ಕೊಳವೆ, 6801 ಬೇರಿಂಗ್ ಎರಡು. ಸರಳಿಗೂ ಕೊಳವೆಗೂ ನಡುವೆ ಸುತ್ತ ಒಂದೇ ಮಿ.ಮೀ. ಸಂದು. ಬೇರಿಂಗಿನ ಒಂದು ಆಧಾರ ಸ್ವಲ್ಪ ಓರೆಯಾದರೂ ಸರಳು ಕೊಳವೆಗೆ ತಾಗಿ, ಕಂಪ್ರೆಸರ್ ತಿರುಗಿಸಿದರೆ ಫ್ಯಾನೂ ಜೊತೆಗೇ ಎಳೆದುಕೊಂಡು ತಿರುಗುತ್ತದೆ. ಎರಡಕ್ಕೂ ನಂಟಿಲ್ಲ ಎಂದು ತೋರಿಸಲಿಕ್ಕೇ ಈ ಮಾದರಿ ಇರುವಾಗ ಅದು ಸಣ್ಣ ತಪ್ಪಲ್ಲ. ಆಧಾರಗಳ ತೂತನ್ನು ಉದ್ದಕ್ಕೆ ಕೊರೆದು, ನಾಲ್ಕೂ ಬೇರಿಂಗಿನಲ್ಲಿ ಒಂದೇ ನೇರ ಸರಳು ತೂರಿಸಿ (12 ಮಿ.ಮೀ. ತೂತಿನ 6801ಕ್ಕೆ ಸಂದು ತುಂಬುವ ಬುಷ್ ಹಾಕಿ), ಆಮೇಲೆ ಸ್ಕ್ರೂ ಬಿಗಿದರೆ ಸರಿಹೋಗುತ್ತದೆ. ಮೊದಲೇ ಬಿಗಿದರೆ ಎಷ್ಟು ತಿದ್ದಿದರೂ ಕೂರುವುದಿಲ್ಲ.

ಮಾದರಿಯ ತಳಕ್ಕೆ ಒಂದೂವರೆ ಇಂಚಿನ ಶಹಾಬಾದ್ ಪರ್ಸಿ (ಹಾಸುಗಲ್ಲು). ಸಮತಟ್ಟು, ಭಾರ, ಅದುರುವುದಿಲ್ಲ. ತೂತು ಕೊರೆಯುವಾಗ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ, ನೀರು ಹಾಕುತ್ತಾ ನಿಧಾನಕ್ಕೆ ಇಳಿಸಬೇಕು. ಹ್ಯಾಮರ್ ಹಾಕಿದರೆ ಪದರು ಪದರಾಗಿ ಏಳುತ್ತದೆ.

ಫ್ಯಾನಿನ ವ್ಯಾಸ ಸುಮಾರು 195 ಮಿ.ಮೀ. 24 ಬ್ಲೇಡನ್ನೂ ಬೇರೆ ಬೇರೆ ತ್ರೀಡಿ ಪ್ರಿಂಟ್ ಮಾಡಿ, 0.01 ಗ್ರಾಂ ತೋರಿಸುವ ಬಂಗಾರದ ತಕ್ಕಡಿಯಲ್ಲಿ ತೂಗಿ, ಸಮತೂಕದವನ್ನು ಎದುರು-ಬದುರು ಕೂರಿಸಿದ್ದಾಗಿದೆ. ನಿಮಿಷಕ್ಕೆ ಬರೀ 150 ಸುತ್ತು ತಿರುಗುವುದಕ್ಕೆ ಇಷ್ಟು ನಿಗಾ ಏಕೆ ಅಂದರೆ, ಅದನ್ನು ತಿರುಗಿಸುವ ಗೇರ್ ಮೋಟಾರಿನ ಹಲ್ಲುಗಳ ನಡುವೆ ಸಡಿಲ ಇರುತ್ತದೆ. ಭಾರದ ಬದಿ ಮೇಲಿಂದ ಕೆಳಗಿಳಿಯುವಾಗ ಮೋಟಾರಿಗಿಂತ ಮುಂದೆ ಜಾರಿ, ಸುತ್ತಿಗೊಮ್ಮೆ ಟಕ್ ಎನ್ನುತ್ತದೆ.

ಕಂಪ್ರೆಸರಿನ ಕೊನೆಯ ಎಂಟು ಹಂತಗಳ ಬ್ಲೇಡ್ ಪ್ರಿಂಟರಿಗೆ ಸಿಗದಷ್ಟು ಗಿಡ್ಡ. 0.5 ಮಿ.ಮೀ. ಅಲ್ಯೂಮಿನಿಯಂ ಬಿಲ್ಲೆಯ ಅಂಚನ್ನು 36 ಕಡೆ ಸೀಳಿ, ಇಕ್ಕಳದಿಂದ ತಿರುಚುವುದೇ ಸುಲಭ. ಗಡಸು ತಗಡು ಬುಡದಲ್ಲಿ ಸೀಳುತ್ತದೆ. ಅದಕ್ಕೆ ಮೊದಲು ಬಟ್ಟೆ ಸೋಪು ಉಜ್ಜಿ, ಆ ಸೋಪು ಕಪ್ಪಾಗುವವರೆಗೆ ಮಾತ್ರ ಕಾಯಿಸಿ ಆರಿಸಬೇಕು. ಅದಕ್ಕಿಂತ ಮುಂದೆ ಹೋದರೆ ತಗಡು ಏಕಾಏಕಿ ಕರಗುತ್ತದೆ.

ಟರ್ಬೈನ್ ಬ್ಲೇಡ್ ಉಲ್ಟಾ ಕೂರುವುದು ಇಂಥ ಮಾದರಿಗಳಲ್ಲಿ ಬಹಳ. ಕಂಪ್ರೆಸರಿನಲ್ಲಿ ಬ್ಲೇಡಿನ ತಗ್ಗು ಮೈ ತಿರುಗುವ ದಿಕ್ಕಿಗೆ ಮುಂದಾಗಿರುತ್ತದೆ, ಗಾಳಿಯನ್ನು ಅದು ತಳ್ಳಬೇಕು. ಟರ್ಬೈನಿನಲ್ಲಿ ಉಬ್ಬು ಮೈ ಮುಂದು, ತಗ್ಗು ಮೈಯನ್ನು ಅನಿಲವೇ ತಳ್ಳುತ್ತದೆ.

ಕವಚಕ್ಕೆ ತ್ರೀಡಿ ಪ್ರಿಂಟರಿನ ಮಾಮೂಲಿ ಪ್ಲಾಸ್ಟಿಕ್ ಆದ ಪಿಎಲ್‌ಎ ಬೇಡ. ಅದು 60 ಡಿಗ್ರಿ ಆಸುಪಾಸಿಗೆ ಮೆತ್ತಗಾಗುತ್ತದೆ, ನಮ್ಮ ಮೇ ತಿಂಗಳಲ್ಲಿ ಬಾಗಿಲು ಹಾಕಿದ ಕಾರಿನೊಳಗೆ ಅಷ್ಟು ಬಿಸಿ ಸುಲಭವಾಗಿ ಏರುತ್ತದೆ. ದುಂಡಗಿನ ಕವಚ ಮೊಟ್ಟೆಯಾಕಾರಕ್ಕೆ ಬಂದು ಬ್ಲೇಡಿನ ತುದಿ ಉಜ್ಜುತ್ತದೆ. ಪಿಇಟಿಜಿ ಎಂಬ ಇನ್ನೊಂದು ಪ್ಲಾಸ್ಟಿಕ್ ತಡೆಯುತ್ತದೆ, ಆದರೆ ಮಳೆಗಾಲದಲ್ಲಿ ಅದರ ಎಳೆಯ ಸುರುಳಿಯನ್ನು ಒಣಗಿಸಿಯೇ ಬಳಸಬೇಕು.

ಕಂಪ್ರೆಸರಿನ ಬೆಲ್ಟ್ ಫ್ಯಾನಿನ ಹಿಂದಿನ ಸಂದಿನಿಂದ ಕೆಳಗಿಳಿಯುತ್ತದೆ, ಮೋಟಾರಿನ ಮತ್ತು ಶಾಫ್ಟಿನ ಪುಲ್ಲಿ ಎರಡಕ್ಕೂ 40 ಹಲ್ಲು, ನಿಮಿಷಕ್ಕೆ 300 ಸುತ್ತು. ಫ್ಯಾನಿನದು ಬಾಲದ ಕಡೆ, ಮೋಟಾರಿಗೆ 20 ಹಲ್ಲು, ಶಾಫ್ಟಿಗೆ 40. ನಿಜವಾದ ಎಂಜಿನ್ನಲ್ಲೂ ಸ್ಟಾರ್ಟರ್ ತಿರುಗಿಸುವುದು ಕಂಪ್ರೆಸರಿನ ಶಾಫ್ಟನ್ನು ಮಾತ್ರ. ಫ್ಯಾನ್ ಎದ್ದು ತಿರುಗುವುದು ಹಿಂದಿನ ಟರ್ಬೈನಿಗೆ ಗಾಳಿ ಬಡಿದ ಮೇಲೆ. ಅದಕ್ಕೇ ಮೋಟಾರುಗಳಿಗೆ ಸ್ವಿಚ್ ಎರಡು: ಮೊದಲು ಕಂಪ್ರೆಸರ್, ಐದು ಸೆಕೆಂಡ್ ಬಿಟ್ಟು ಫ್ಯಾನ್. ಇನ್ನು ದಹನ ಕೋಣೆಯ ತಗಡು ಕತ್ತರಿಸುವುದು ಬಾಕಿ.