ಹೆಸರಿಲ್ಲದ ಕಲ್ಲುಗಳ ಡಬ್ಬಿ: ಈ ಸಲ ತಕ್ಕಡಿಯ ಸರದಿ

ಹೆಸರು ಗೊತ್ತಿಲ್ಲದ ಖನಿಜಗಳ ಡಬ್ಬಿಯೊಂದನ್ನು ಮನೆಯಲ್ಲೇ ಒಂದೊಂದಾಗಿ ಗುರುತಿಸುತ್ತಿದ್ದೇನೆ; ಡಬ್ಬಿ ಈಗ ಮುಕ್ಕಾಲು ಖಾಲಿ. ಸುಲಭದವು ಮೊದಲೇ ಹೊರಬಂದಿದ್ದವು. ಹಾಳೆ ಹಾಳೆಯಾಗಿ ಏಳುವ ಅಭ್ರಕಕ್ಕೆ ಪರೀಕ್ಷೆ ಯಾಕೆ ಬೇಕು, ಅಲ್ವಾ? ಉಳಿದಿದ್ದವು ಕಪ್ಪು ಕಲ್ಲುಗಳು, ಬಿಳಿ ಕಲ್ಲುಗಳು, ಮತ್ತೆರಡು ತಂಟೆಯವು.

ಕಪ್ಪು ಕಲ್ಲುಗಳನ್ನು ಟೈಲ್ಸಿನ ಹಿಂಬದಿಗೆ, ಹೊಳಪಿಲ್ಲದ ಒರಟು ಮೈಗೆ, ಉಜ್ಜಿದೆ. ಒಂದು ಕೆಂಪು ಕಂದು ಗೀರು ಬಿಟ್ಟಿತು: ಹೆಮಟೈಟ್. ಇನ್ನೊಂದರ ಗೀರು ಅಚ್ಚ ಕಪ್ಪು, ಅಯಸ್ಕಾಂತಕ್ಕೂ ಅಂಟಿತು: ಮ್ಯಾಗ್ನೆಟೈಟ್. ಮೂರನೆಯದು ಬಣ್ಣ ಬಿಡುವ ಬದಲು ಟೈಲ್ಸನ್ನೇ ಗೀಚಿತು. ಉದ್ದುದ್ದ ಗೆರೆಗಳಿರುವ ಹರಳು, ತುದಿಯಿಂದ ನೋಡಿದರೆ ಉಬ್ಬಿದ ತ್ರಿಕೋನ. ಟೂರ್ಮಲಿನ್ ಎಂದು ಬರೆದುಕೊಂಡೆ.

ಬಿಳಿ ಕಲ್ಲುಗಳಲ್ಲಿ ಬಣ್ಣ ಏನನ್ನೂ ಹೇಳುವುದಿಲ್ಲ. ಗಾಜನ್ನು ಗೀಚಿದವು ಒಂದು ಕಡೆ. ಅವುಗಳಲ್ಲಿ ಗಾಜಿನ ಚೂರಿನಂತೆ ಬಾಗಿ ಒಡೆದದ್ದು ಕ್ವಾರ್ಟ್ಜ್. ಹೆಚ್ಚುಕಡಿಮೆ ಲಂಬಕೋನದಲ್ಲಿ ಸೇರುವ ಎರಡು ಚಪ್ಪಟೆ ಮೈ ತೋರಿಸಿದ್ದು ಫೆಲ್ಡ್‌ಸ್ಪಾರ್. ಚಾಕು ಎಳೆದ ಮೇಲೆ ಗೆರೆಯನ್ನು ಒದ್ದೆ ಬೆರಳಲ್ಲಿ ಒರೆಸಿ ನೋಡಿ. ಅಳಿಸಿಹೋದರೆ ಸವೆದದ್ದು ಕಲ್ಲಲ್ಲ, ಚಾಕು.

ಚಾಕುವಿಗೆ ಸುಲಭವಾಗಿ ಸೋತವು ಎರಡು: ಕ್ಯಾಲ್ಸೈಟ್ ಇರಬಹುದು, ಬೆರೈಟ್ ಇರಬಹುದು. ಇಲ್ಲಿ ಮೋಸ್ ಮಾಪಕ, ಅಂದರೆ ಗಡಸುತನಕ್ಕೆ 1ರಿಂದ 10ರವರೆಗೆ ಅಂಕಿ ಕೊಡುವ ಪಟ್ಟಿ, ಕೈಕೊಡುತ್ತದೆ. 1812ರಿಂದ ಬಳಕೆಯಲ್ಲಿದೆ, ನಿಜ. ಆದರೆ ಕ್ಯಾಲ್ಸೈಟ್ 3, ಬೆರೈಟ್ 3ರಿಂದ 3.5. ಮನೆಯಲ್ಲಿ ಗೀಚಿ ಇಷ್ಟು ವ್ಯತ್ಯಾಸ ಹಿಡಿಯುವುದು ಸುಮ್ನೆ ಮಾತು. ಹೀಗಾಗಿ ಸಾಂದ್ರತೆ ಅಳೆಯಲು ತಕ್ಕಡಿ ತೆಗೆದೆ.

ವಿಧಾನ ಇಷ್ಟೇ. ಮೊದಲು ಒಣ ಕಲ್ಲನ್ನು ತೂಗಿ. ಆಮೇಲೆ ಡಿಜಿಟಲ್ ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಕಲ್ಲನ್ನು ತೆಳು ದಾರಕ್ಕೆ ಕಟ್ಟಿ, ತಳಕ್ಕೂ ಪಕ್ಕಕ್ಕೂ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿಯಿರಿ. ನೀರು ಕಲ್ಲನ್ನು ಮೇಲಕ್ಕೆ ತಳ್ಳಿದಷ್ಟೇ ಬಲದಲ್ಲಿ ಕಲ್ಲು ನೀರನ್ನು ಕೆಳಕ್ಕೆ ಒತ್ತುತ್ತದೆ. ಒಂದು ಮಿಲಿ ನೀರು ಒಂದು ಗ್ರಾಂ ತೂಗುವುದರಿಂದ, ಈಗ ಬರುವ ಅಂಕಿಯೇ ಕಲ್ಲಿನ ಗಾತ್ರ. ಒಣ ತೂಕವನ್ನು ಅದರಿಂದ ಭಾಗಿಸಿದರಾಯಿತು, ಸಾಂದ್ರತೆ ಸಿಕ್ಕಂತೆ.

ಒಂದು ಕಲ್ಲು 117 ಗ್ರಾಂ, ನೀರಲ್ಲಿ 26. ಅಂದರೆ 4.5, ಬೆರೈಟ್. ಇನ್ನೊಂದು 2.7ರ ಹತ್ತಿರ ನಿಂತಿತು. ಅದರ ಪುಡಿಗೆ ವಿನೆಗರ್ ಹಾಕಿದಾಗ ನೊರೆಯೂ ಬಂತು. ಕ್ಯಾಲ್ಸೈಟೇ. ಕಲ್ಲಿಗೆ ಅಂಟಿದ ಗಾಳಿಗುಳ್ಳೆ ಲೆಕ್ಕ ಕೆಡಿಸುತ್ತದೆ, ಮೊದಲು ಅಲುಗಾಡಿಸಿ ಬಿಡಿಸಬೇಕು. ಸಣ್ಣ ಕಲ್ಲಿಗೆ 0.1 ಗ್ರಾಂ ತೋರಿಸುವ ತಕ್ಕಡಿಯೇ ಬೇಕು. ಬೇರೆ ಖನಿಜ ಸೇರಿಕೊಂಡ ತುಂಡಾದರೆ ಈ ಅಂಕಿಗೆ ಅರ್ಥವಿಲ್ಲ.

ತಂಟೆಯವುಗಳಲ್ಲಿ ನೀಲಿ ಪಟ್ಟಿಯಂಥದ್ದು ಖುಷಿ ಕೊಟ್ಟಿತು. ಉದ್ದಕ್ಕೆ ಎಳೆದರೆ ಚಾಕು ಗೀಚುತ್ತದೆ, ಅಡ್ಡಕ್ಕೆ ಎಳೆದರೆ ಜಾರುತ್ತದೆ. ಒಂದೇ ಕಲ್ಲಿಗೆ ಎರಡು ಗಡಸುತನ! ಅದು ಕಯನೈಟ್.

ಇನ್ನೊಂದು ಹಸಿರುಗಪ್ಪು. ಆಂಫಿಬೋಲ್ ಇರಬೇಕು, ಇಲ್ಲವೇ ಪೈರಾಕ್ಸೀನ್; ನೋಡಲು ಒಂದೇ ಥರ ಇರುವ ಎರಡು ಖನಿಜ ಗುಂಪುಗಳು. ಇವೆರಡರ ಗಡಸುತನವೂ ಸಾಂದ್ರತೆಯೂ ಒಂದರ ಮೇಲೊಂದು ಬೀಳುತ್ತವೆ. ಸೀಳುವ ಮೈಗಳ ಕೋನವೇ ಗತಿ: ಪೈರಾಕ್ಸೀನಿನಲ್ಲಿ 90 ಡಿಗ್ರಿಯ ಆಸುಪಾಸು, ಆಂಫಿಬೋಲಿನಲ್ಲಿ 56 ಮತ್ತು 124. ಲೆನ್ಸಿನಲ್ಲಿ ಒಂದೇ ಒಂದು ಒಳ್ಳೆಯ ಅಂಚು ಸಿಕ್ಕಿದೆ, ಅದು ಲಂಬಕೋನವಂತೂ ಅಲ್ಲ. ಸದ್ಯಕ್ಕೆ ಚೀಟಿಯಲ್ಲಿ ‘ಆಂಫಿಬೋಲ್?’ ಎಂದು ಬರೆದಿಟ್ಟಿದ್ದೇನೆ.