ಏಳು ಆಡು, ಒಂದು ನೋಟ್‌ಬುಕ್ಕು

ಹೋದ ವರ್ಷ ನಮ್ಮಲ್ಲಿ ಎರಡು ಮರಿ ಸತ್ತವು. ಎರಡೂ ಆಡು ಈಯುವ ಹೊತ್ತಲ್ಲೇ. ಒಂದರ ಸಲ ಮನೆಮಂದಿ ಎಲ್ಲ ಮಲಗಿದ್ದೆವು. ಇನ್ನೊಂದರ ಸಲ ಎಲ್ಲರೂ ಎದ್ದು, ಸೇರಿ ಜಗ್ಗಿದ್ದೆವು. ಮಲಗಿದ್ದಕ್ಕಿಂತ ಜಗ್ಗಿದ್ದೇ ನನಗೆ ಜಾಸ್ತಿ ಬೇಜಾರು. ಅದಕ್ಕೇ ಈ ಸಲ ಒಂದು ನೋಟ್‌ಬುಕ್ಕಿಗೆ ದಾರ ಕಟ್ಟಿ ಕೊಟ್ಟಿಗೆಯ ಕಂಬಕ್ಕೆ ನೇತುಹಾಕಿದೆ. ಯಾವ ಆಡು, ಹೋತ ಕೂಡಿದ ದಿನ, ನೀರಿನ ಚೀಲ ಕಂಡ ಹೊತ್ತು, ಮರಿ ಬಿದ್ದ ಹೊತ್ತು. ಅಷ್ಟೇ.

ನಮ್ಮದು ಆಳಂದ ತಾಲ್ಲೂಕು. ತೊಗರಿ, ಜೋಳದ ಹೊಲ, ಜೊತೆಗೆ ಏಳು ಆಡು. ಎಲ್ಲವೂ ಕರಿಯವು, ಉಸ್ಮಾನಾಬಾದಿ. ಗಡಿಯಾಚೆಯ ತಳಿ, ಆದರೆ ನಮ್ಮ ಕಡೆಗೂ ಹಳೇದೇ. ಅವಳಿ ಹಾಕುವುದು ಇದಕ್ಕೆ ಮಾಮೂಲು. ಅವಳಿ ಅಂದರೆ ಖುಷಿ. ಅವಳಿ ಅಂದರೆ ಹೊಟ್ಟೆಯೊಳಗೆ ಎಂಟು ಕಾಲು ಕೂಡ, ಅಲ್ವಾ?

ಗಬ್ಬ ನಿಂತ ದಿನದಿಂದ 150 ದಿನ ಲೆಕ್ಕ ಹಾಕಿದೆ, ಐದು ದಿನ ಹಿಂದೆ ಮುಂದೆ. ಆಯಿಗೆ ಈ ಲೆಕ್ಕ ಬೇಡ. ಬಾಲದ ಬುಡದಲ್ಲಿ ಎರಡೂ ಕಡೆ ಬೆರಳಿಟ್ಟು ಒತ್ತುತ್ತಾಳೆ. ಅಲ್ಲಿ ಹಗ್ಗದಂತೆ ಬಿಗಿಯಾಗಿ ಸಿಗುವ ನರ ಮೆತ್ತಗಾಗಿ ಕೈಗೇ ಸಿಗದಿದ್ದರೆ, "ಇವತ್ತ ರಾತ್ರಿ ನಿದ್ದಿ ಇಲ್ಲ ನೋಡ್ ತಮ್ಮಾ" ಅನ್ನುತ್ತಾಳೆ. ಇಲ್ಲಿಯವರೆಗೆ ಆಯಿ ತಪ್ಪಿಲ್ಲ. ನನ್ನ ಲೆಕ್ಕ ಎರಡು ಸಲ ತಪ್ಪಿದೆ.

ಒಂದು ಬಕೆಟ್ ಯಾವಾಗಲೂ ತಯಾರು. ಸೋಪು, ನೇಲ್ ಕಟರ್, ಗ್ಲೌಸ್, ಲಿಕ್ವಿಡ್ ಪ್ಯಾರಾಫಿನ್, ಟಿಂಚರ್ ಅಯೋಡಿನ್, ಟಾರ್ಚ್, ಅಪ್ಪನ ಹಳೇ ಧೋತರ. ಗ್ಲೌಸ್ ಬರೀ ಆಡಿಗಾಗಿ ಅಲ್ಲ. ಬ್ರುಸೆಲ್ಲೋಸಿಸ್‌ನಂಥ ರೋಗ ಈಯುವಾಗಿನ ನೀರು, ಕಸ (ಮರಿಯ ಹಿಂದೆ ಬೀಳುವ ಮಾಸು) ಇವುಗಳಿಂದಲೂ ಮನುಷ್ಯರಿಗೆ ಬರುತ್ತದೆ. ತಮ್ಮನ ಹೆಂಡತಿ ಈಗ ಬಸುರಿ, ಅವಳಿಗೆ ಕೊಟ್ಟಿಗೆ ಕಡೆ ಸುಳಿಯಬೇಡ ಅಂತ ಹೇಳಿದ್ದೇವೆ.

ಡಿಸೆಂಬರ್ 17. ಗೌಡ್ತಿ. ಎರಡು ಮರಿ, ಅರ್ಧ ಗಂಟೆಯೊಳಗೆ. ನನ್ನ ಕೆಲಸ ಚಹಾ ಕುಡಿಯುವುದಷ್ಟೇ ಆಗಿತ್ತು.

ಡಿಸೆಂಬರ್ 19, ಎಳ್ಳಮಾಸೆ. ಎಲ್ಲರೂ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಚರಗ ಚೆಲ್ಲಲು ಹೊಲಕ್ಕೆ ಹೋದರು. ಚುಕ್ಕಿ ಬೆಳಗಿನಿಂದ ನೆಲ ಕೆರೆಯುತ್ತಿತ್ತು, ಹಾಗಾಗಿ ನಾನು ಮನೆಯಲ್ಲೇ ಉಳಿದೆ. 11ಕ್ಕೆ ನೀರಿನ ಚೀಲ ಕಂಡಿತು. 11:35 ಆದರೂ ಒಂದು ಗೊರಸು, ಒಂದು ಮೂಗು. ಅಷ್ಟೇ. ನೆಟ್ಟಗೆ ಬರುವ ಮರಿ ಎರಡು ಮುಂಗಾಲು ಚಾಚಿ, ಅದರ ಮೇಲೆ ಮೂತಿ ಇಟ್ಟುಕೊಂಡು ಬರುತ್ತದೆ, ಬಾವಿಗೆ ಹಾರುವ ಹುಡುಗನ ಹಾಗೆ. ಇಲ್ಲಿ ಒಂದು ಕೈ ಹಿಂದೆ ಉಳಿದಿತ್ತು.

ಉಗುರು ಕತ್ತರಿಸಿ, ಮೊಣಕೈವರೆಗೆ ತೊಳೆದು, ಗ್ಲೌಸ್ ಹಾಕಿ, ಪ್ಯಾರಾಫಿನ್ ಸುರಿದುಕೊಂಡೆ. ಒಳಗೆ ಜಾಗವೇ ಇಲ್ಲ. ಆಡು ತಿಣುಕಿದಾಗ ನನ್ನ ಬೆರಳುಗಳು ಬಾಗಿಲಿಗೆ ಸಿಕ್ಕಂತಾದವು. ಅದು ತಿಣುಕುವಾಗ ಸುಮ್ನೆ ಇರಬೇಕು, ಬಿಟ್ಟಾಗ ಮಾತ್ರ ಕೆಲಸ ಮಾಡಬೇಕು. ಹಾಗೆ ಬಿಟ್ಟಾಗಲೆಲ್ಲ ಮರಿಯನ್ನು ಇಷ್ಟಿಷ್ಟೇ ಒಳಗೆ ತಳ್ಳಿದೆ. ಮುಂದೆ ತರಬೇಕಾದ್ದನ್ನು ಹಿಂದೆ ತಳ್ಳುವುದಕ್ಕೆ ಮನಸ್ಸು ಒಪ್ಪುವುದೇ ಇಲ್ಲ. ಆದರೆ ಜಾಗ ಆಗದೆ ಕಾಲು ತಿರುಗದು. ಎದೆಯಿಂದ ಕೆಳಗೆ ಬೆರಳು ಜಾರಿಸಿದೆ, ಮಡಚಿದ ಮೊಣಕಾಲು ಸಿಕ್ಕಿತು, ಅದರ ಕೆಳಗೆ ಗೊರಸು. ಗೊರಸಿನ ತುದಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ತರಬೇಕು, ಇಲ್ಲದಿದ್ದರೆ ಗರ್ಭಕೋಶ ಹರಿಯುತ್ತದೆ. ಕಾಲು ಬಂದ ಮೇಲೆ ಮೂರೇ ತಿಣುಕು. ಅದರ ಜೊತೆಗೇ ಕೆಚ್ಚಲ ಕಡೆಗೆ, ಕೆಳಮುಖವಾಗಿ ಎಳೆದೆ. 12:05.

ಮರಿ ಉಸಿರಾಡಲಿಲ್ಲ. ಮೂಗು, ಬಾಯಿ ಒರೆಸಿ, ಒಂದು ಹುಲ್ಲಿನ ಕಡ್ಡಿ ಮೂಗಿಗೆ ಆಡಿಸಿದೆ. ಸೀನಿತು. ಮನೆಯವರು ಬಂದಾಗ ನಾನು ಗೋಡೆಗೆ ಒರಗಿ ಕೂತಿದ್ದೆ. ತಂದಿಟ್ಟ ಭಜ್ಜಿಯನ್ನು ಸಂಜೆವರೆಗೂ ಮುಟ್ಟಲಾಗಲಿಲ್ಲ.

ಡಿಸೆಂಬರ್ 21. ಪ್ರಾಕ್ಟೀಸು. ಗೌಡ್ತಿಯ ಮರಿಯನ್ನು ಆಯಿ ತೊಡೆ ಮೇಲೆ ಕೂರಿಸಿಕೊಂಡು ಗೋಣಿಚೀಲ ಹೊದಿಸಿದಳು. ನಾನು ಕಣ್ಣು ಮುಚ್ಚಿ ಚೀಲದೊಳಗೆ ಕೈ ಹಾಕಿ ಯಾವ ಕಾಲು ಅಂತ ಹೇಳಬೇಕು. ಗೊರಸಿನ ಮೇಲೆ ಎರಡು ಗಂಟು ಇರುತ್ತವೆ. ಎರಡೂ ಒಂದೇ ಕಡೆ ಮಡಚಿದರೆ ಮುಂಗಾಲು. ಒಂದು ಹೀಗೆ, ಇನ್ನೊಂದು ಹಾಗೆ ಮಡಚಿದರೆ ಹಿಂಗಾಲು. ಹತ್ತರಲ್ಲಿ ಏಳು ಸರಿ ಹೇಳಿದೆ. "ಏಳು ಸಾಲದು" ಅಂದಳು ಆಯಿ.

ಡಿಸೆಂಬರ್ 24, ರಾತ್ರಿ. ಮೋಟಿ. ಪುಸ್ತಕದಲ್ಲಿ ಹೀಗಿದೆ: 12:15, ನೀರಿನ ಚೀಲ. ಮುಂದಿನ ಸಾಲು 1:30. ನಡುವೆ ಏನೂ ಇಲ್ಲ, ಯಾಕೆಂದರೆ ಕಂಬಳಿ ಹೊದ್ದು ನಾನು ನಿದ್ದೆ ಹೋಗಿದ್ದೆ.

ಎದ್ದು ನೋಡಿದರೆ ಎರಡು ಗೊರಸು ಹೊರಗೆ. ಕಾಕಾ ಬಂದವನೇ, "ಎರಡೂ ಕಾಲು ಬಂದಾವಲ್ಲೋ, ಜಗ್ಗು!" ಅಂದ. ಹೋದ ವರ್ಷವೂ ಇದೇ ಮಾತು, ಇದೇ ಜಗ್ಗಾಟ. "ತಡಿ ಕಾಕಾ, ಯಾರ ಕಾಲು ನೋಡ್ತೀನಿ" ಅಂದೆ. ಒಂದರ ಗಂಟುಗಳು ಒಂದೇ ಕಡೆ ಮಡಚಿದವು. ಇನ್ನೊಂದರವು ಇಲ್ಲ. ಒಂದು ಮುಂಗಾಲು, ಒಂದು ಹಿಂಗಾಲು. ಅಂದರೆ ಎರಡು ಮರಿ ಒಂದೇ ಬಾಗಿಲಲ್ಲಿ ನಿಂತಿವೆ. ಕಾಕಾ ಟಾರ್ಚ್ ಹಿಡಿದು ತೆಪ್ಪಗಾದ.

ಮುಂಗಾಲಿನ ಮರಿಯನ್ನು ಹಿಂದೆ ತಳ್ಳಿ, ಹಿಂಗಾಲಿನದರ ಜೋಡಿ ಕಾಲು ಹುಡುಕಿ ತಂದೆ. ಹಿಂಗಾಲು ಮುಂದಾಗಿ ಬರುವ ಮರಿಯನ್ನು ತಿರುಗಿಸಬೇಕಿಲ್ಲ, ಹಾಗೇ ತರಬಹುದು. ಆದರೆ ಸೊಂಟ ದಾಟಿದ ಮೇಲೆ ತಡ ಮಾಡುವಂತಿಲ್ಲ. ಹೊಕ್ಕಳಬಳ್ಳಿ ಅಮುಕಿಕೊಂಡು, ತಲೆ ಇನ್ನೂ ನೀರೊಳಗಿರುವಾಗಲೇ ಮರಿ ಉಸಿರೆಳೆಯುತ್ತದೆ. ಅದು ಬದುಕಿತು. ಇನ್ನೊಂದರ ಕತ್ತು ಪಕ್ಕೆಗೆ ತಿರುಗಿತ್ತು. ಮೂತಿ ಕೈಗೆ ಸಿಗಲು ಇಪ್ಪತ್ತು ನಿಮಿಷ ಬೇಕಾಯಿತು. ಹೊರಗೆ ಬಂದಾಗ ಮೈ ಬಿಸಿ ಇತ್ತು, ಆದರೆ ಜೀವ ಇರಲಿಲ್ಲ. ಹೆಣ್ಣು ಮರಿ, ಹಣೆ ಮೇಲೆ ಬಿಳಿ ಚುಕ್ಕೆ.

ಆ ಒಂದೂಕಾಲು ಗಂಟೆ ನನ್ನದೇ. ನೀರಿನ ಚೀಲ ಕಂಡು ತಿಣುಕಲು ಶುರುವಾಗಿ ಅರ್ಧ ಗಂಟೆಯಲ್ಲಿ ಏನೂ ಮುಂದುವರಿಯದಿದ್ದರೆ ಕೈ ಹಾಕಿ ನೋಡಬೇಕು ಅಂತ ನಾನೇ ಮೊದಲ ಪುಟದಲ್ಲಿ ಬರೆದಿದ್ದೆ.

ಬೆಳಗಿನ ಜಾವ ಕಸ ಇನ್ನೂ ಜೋತಾಡುತ್ತಿತ್ತು. ಕಾಕಾ ಅದಕ್ಕೆ ಹಳೇ ಚಪ್ಪಲಿ ಕಟ್ಟಲು ಹೊರಟ, ಭಾರಕ್ಕೆ ಬೀಳಲಿ ಅಂತ. ಬಿಡಲಿಲ್ಲ. ಹಾಗೆ ಜಗ್ಗಿದರೆ ಒಳಗೇ ಹರಿದು ನಂಜಾಗುತ್ತದೆ. ಏಳೂವರೆಗೆ ತಾನೇ ಬಿತ್ತು. ಒಳಗೆ ಕೈ ಹಾಕಿದ್ದರಿಂದ ಡಾಕ್ಟರನ್ನು ಕರೆಸಿ ಇಂಜೆಕ್ಷನ್ ಕೊಡಿಸಿದೆವು. ಬದುಕಿದ ಮರಿ ಮೊಲೆ ಹಿಡಿಯಲಿಲ್ಲ. ಗಿಣ್ಣದ ಹಾಲು ಹಿಂಡಿ ಬಾಟಲಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿದೆ. ಮಧ್ಯಾಹ್ನಕ್ಕೆ ತಾನೇ ತಾಯಿಯ ಹೊಟ್ಟೆಯಡಿ ನುಗ್ಗಿತು.

ಡಿಸೆಂಬರ್ 28. ಲಾಲಿ. ಎರಡು ಗಂಡು. ಬರೆಯುವಂಥದ್ದೇನಿಲ್ಲ.

ಜನವರಿ 4. ಇನ್ನು ಮೂರು ಆಡು ಬಾಕಿ. ಅದರಲ್ಲಿ ಸುಂದ್ರಿ ನಿನ್ನೆಯಿಂದ ಮೇವು ಮುಟ್ಟಿಲ್ಲ, ಗೋಡೆಗೆ ತಲೆ ಇಟ್ಟು ನಿಲ್ಲುತ್ತದೆ. ಡಾಕ್ಟರು ಬಂದು ನೋಡಿ, ಹೊಟ್ಟೆಯಲ್ಲಿ ಎರಡೋ ಮೂರೋ ಮರಿ ಇವೆ, ಮೇವು ಸಾಲದೆ ಮೈಯ ಕೊಬ್ಬು ಕರಗುತ್ತಿದೆ ಅಂದರು. ಮರಿ ಜಾಸ್ತಿ ಬೆಳೆಯುವುದೇ ಕೊನೆಯ ಒಂದೂವರೆ ತಿಂಗಳಲ್ಲಿ. ಹೊಟ್ಟೆಯಲ್ಲಿ ಮೇವಿಗೆ ಜಾಗ ಕಮ್ಮಿಯಾಗುವುದೂ ಆಗಲೇ. ನಾವೋ, ಬರೀ ತೊಗರಿ ಹೊಟ್ಟು, ಜೋಳದ ಕಣಕಿ ಹಾಕುತ್ತಿದ್ದೆವು. ಗ್ಲೂಕೋಸ್ ಹಾಕಿ ಹೋದರು. ಇದಕ್ಕೆ ನನ್ನ ಪುಸ್ತಕದಲ್ಲಿ ಕಾಲಂ ಇರಲಿಲ್ಲ. ಈಗ ಇದೆ: ತಿಂದದ್ದು ಎಷ್ಟು.

ಜನವರಿ 6. ಮೂರಕ್ಕೂ ನುಚ್ಚು ಜೋಳ, ಶೇಂಗಾ ಹಿಂಡಿ ಇಷ್ಟಿಷ್ಟೇ ಶುರು ಮಾಡಿದೆವು. ಸುಂದ್ರಿಗೆ ಬೆಲ್ಲದ ನೀರು ಬೇರೆ. ಬೆಳಿಗ್ಗೆ ಆಯಿಯ ಕೈಯಿಂದ ಒಂದು ಹಿಡಿ ನುಚ್ಚು ತಿಂದಿತು. 14ಕ್ಕೆ ಅದರ 150 ದಿನ ತುಂಬುತ್ತದೆ. ಗೋಡೆ ಮೇಲೆ 1962 ಅಂತ ಪಶು ಆಂಬುಲೆನ್ಸ್ ನಂಬರು ದೊಡ್ಡದಾಗಿ ಬರೆದಿದ್ದೇನೆ. ಅರ್ಧ ಗಂಟೆಗೊಂದು ಅಲಾರಾಂ ನನ್ನ ಫೋನಿನಲ್ಲೂ ಇದೆ, ಕಾಕಾನ ಫೋನಿನಲ್ಲೂ ಇದೆ. ಆಫ್ ಮಾಡುವುದು ಹೇಗೆ ಅಂತ ಕಾಕಾನಿಗೆ ಹೇಳಿಕೊಟ್ಟಿಲ್ಲ.